ಒಂದು ಗಂಟೆಯ ವಿದ್ಯುತ್ತು: ಪ್ರೌಢಶಾಲಾ ವಿದ್ಯಾರ್ಥಿಗಳು ಕಟ್ಟುವ ಪಂದ್ಯದ ಕಾರುಗಳು

ಇಂಗ್ಲೆಂಡಿನಲ್ಲಿಯೂ ಅಮೆರಿಕದ ಹಲವು ಸಂಸ್ಥಾನಗಳಲ್ಲಿಯೂ ಪ್ರೌಢಶಾಲೆಯ ವಿದ್ಯಾರ್ಥಿಗಳು ವಿದ್ಯುತ್ತಿನಿಂದ ನಡೆಯುವ ಪಂದ್ಯದ ಕಾರುಗಳನ್ನು ತಮ್ಮ ಕೈಯಿಂದಲೇ ಕಟ್ಟಿ, ತಾವೇ ನಡೆಸಿ, ಒಬ್ಬರೊಡನೊಬ್ಬರು ಸ್ಪರ್ಧಿಸುವ ಪದ್ಧತಿಯೊಂದು ಕಳೆದ ಮೂರು ದಶಕಗಳಲ್ಲಿ ಬೆಳೆದುಬಂದಿದೆ. ಕಾರಿನ ಪಂದ್ಯವೆಂದೊಡನೆ ನಮ್ಮ ಮನಸ್ಸಿಗೆ ಬರುವುದು ವೇಗ. ಆದರೆ ಈ ಪಂದ್ಯಗಳಲ್ಲಿ ಮೊದಲ ಸುತ್ತಿನಲ್ಲಿ ಎಲ್ಲರನ್ನೂ ಹಿಂದೆ ಹಾಕಿ ಓಡಿದ ಕಾರು ಕೊನೆಯಲ್ಲಿ ಗೆಲ್ಲುವುದು ಅಪರೂಪ. ಬಹುಸಂದರ್ಭಗಳಲ್ಲಿ ಅದು ಹೊತ್ತು ಮುಗಿಯುವ ಮುನ್ನವೇ ಹಾದಿಯ ಬದಿಯಲ್ಲಿ ನಿಂತಿರುತ್ತದೆ. ಹೀಗಾಗುವುದೇಕೆ, ಹೀಗಾಗುವುದರಿಂದಲೇ ಈ ಪಂದ್ಯಕ್ಕೆ ಪಾಠಶಾಲೆಯಲ್ಲಿ ಸ್ಥಾನ ದೊರೆತುದು ಹೇಗೆ ಎಂಬುದನ್ನು ಪ್ರಕೃತ ಲೇಖನದಲ್ಲಿ ವಿವರಿಸಲು ಯತ್ನಿಸುತ್ತೇವೆ.

ವಿದ್ಯುತ್ತಿಗೂ ಕಾರಿನ ಪಂದ್ಯಕ್ಕೂ ಇರುವ ನಂಟು ಹೊಸದಲ್ಲ. ಫ್ರಾನ್ಸಿನ ಗ್ಯಾಸ್ಟನ್ ಪ್ಲಾಂಟೆ ಸೀಸದ ಫಲಕಗಳನ್ನು ಗಂಧಕಾಮ್ಲದಲ್ಲಿಟ್ಟು, ಬರಿದಾದ ಮೇಲೆ ಮತ್ತೆ ತುಂಬಬಹುದಾದ ಬ್ಯಾಟರಿಯನ್ನು ರಚಿಸಿದುದು 1859ರಲ್ಲಿ. ನಾಲ್ವತ್ತು ವರ್ಷಗಳ ತರುವಾಯ, 1899ರ ಏಪ್ರಿಲ್ 29ರಂದು, ಬೆಲ್ಜಿಯಮ್ಮಿನ ಕಮೀಲ್ ಜೆನಾಟ್ಸಿ ಎಂಬಾತನು ಪ್ಯಾರಿಸಿನ ಸಮೀಪದಲ್ಲಿ ಇಂಥ ಬ್ಯಾಟರಿಗಳಿಂದ ನಡೆಯುವ ತನ್ನ ಕಾರನ್ನು ಗಂಟೆಗೆ 105.88 ಕಿಲೋಮೀಟರು ವೇಗದಲ್ಲಿ ಓಡಿಸಿದನು. ನೆಲದ ಮೇಲೆ ನಡೆಯುವ ಕಾರೊಂದು ಗಂಟೆಗೆ 100 ಕಿಲೋಮೀಟರನ್ನು ದಾಟಿದುದು ಅದೇ ಮೊದಲು. ಅದು ಪೆಟ್ರೋಲ್ ಕಾರಾಗಿರಲಿಲ್ಲವೆಂಬುದನ್ನು ಇಂದು ಹಲವರು ಮರೆತಿದ್ದಾರೆ. ಆದರೆ ಆ ಓಟವನ್ನು ಅಳೆದುದು ಕೇವಲ ಒಂದು ಕಿಲೋಮೀಟರಿಗೆ. ಅದಕ್ಕೆ ಹಿಡಿದ ಕಾಲ 34 ಸೆಕೆಂಡು. ಅಷ್ಟು ಅಲ್ಪಕಾಲದ ಓಟದಲ್ಲಿ ಬ್ಯಾಟರಿ ಬರಿದಾಗುವ ಪ್ರಶ್ನೆ ಏಳುವುದಿಲ್ಲ. ಶಾಲೆಯ ಮಕ್ಕಳ ಪಂದ್ಯದಲ್ಲಿಯಾದರೋ ಏಳುವ ಮುಖ್ಯ ಪ್ರಶ್ನೆಯೇ ಅದು.

ಇಂಗ್ಲೆಂಡಿನಲ್ಲಿ ಗ್ರೀನ್‌ಪವರ್ ಎಂಬ ಸಂಸ್ಥೆ ಈ ಕಾರ್ಯವನ್ನು 1999ರಲ್ಲಿ ಆರಂಭಿಸಿತು. ಮೊದಲ ಪಂದ್ಯ ನಡೆದುದು ಸಸೆಕ್ಸಿನ ಗುಡ್‌ವುಡ್ ಪಂದ್ಯದ ಹಾದಿಯಲ್ಲಿ. ಯುದ್ಧಕಾಲದ ವಿಮಾನನಿಲ್ದಾಣವೊಂದರ ಸುತ್ತಣ ರಸ್ತೆಯೇ 1948ರಲ್ಲಿ ಪಂದ್ಯದ ಹಾದಿಯಾಗಿ ಮಾರ್ಪಟ್ಟ ಸ್ಥಳವದು. ಭಾರಿ ಎಂಜಿನುಗಳ ಅಬ್ಬರಕ್ಕೆ ಹೆಸರಾದ ಆ ಹಾದಿಯಲ್ಲಿ ಸರಪಳಿಯ ಸದ್ದು, ಟೈರಿನ ಸದ್ದು ಮಾತ್ರ ಕೇಳಿಬರುವ ಕಾರುಗಳು ಓಡತೊಡಗಿದವು. 11ರಿಂದ 16 ವರ್ಷದವರಿಗೆ ಒಂದು ವರ್ಗ, ಅದಕ್ಕೂ ಹಿರಿಯರಿಗೆ ಇನ್ನೊಂದು. ಪ್ರಾಥಮಿಕ ಶಾಲೆಯ ಮಕ್ಕಳು ಸಿದ್ಧಭಾಗಗಳನ್ನು ಜೋಡಿಸಿ ಕಟ್ಟುವ ಸಣ್ಣ ಕಾರಿನ ವರ್ಗ ಮತ್ತೊಂದು. ಈ ವ್ಯವಸ್ಥೆಯ ಜೀವಾಳವಿರುವುದು ಒಂದೇ ನಿಯಮದಲ್ಲಿ: 24 ವೋಲ್ಟಿನ ಮೋಟಾರು ಎಲ್ಲರಿಗೂ ಒಂದೇ ಬಗೆಯದು, ಎರಡು 12 ವೋಲ್ಟಿನ ಬ್ಯಾಟರಿಗಳೂ ಎಲ್ಲರಿಗೂ ಒಂದೇ. ನಿಗದಿಯಾದ ಕಾಲದಲ್ಲಿ ಯಾರು ಹೆಚ್ಚು ದೂರ ಸಾಗಿದರೋ ಅವರು ಗೆದ್ದಂತೆ.

ಅಮೆರಿಕದ ಎಲೆಕ್ಟ್ರಥಾನ್ ಪಂದ್ಯಗಳಲ್ಲಿ ಪ್ರೌಢಶಾಲೆಗಳ ತಂಡಗಳು ಹೆಚ್ಚಿನ ಸಂಖ್ಯೆಯಲ್ಲಿ ಭಾಗವಹಿಸುತ್ತವೆ. ಅಲ್ಲಿ ಮೋಟಾರನ್ನು ತಂಡವೇ ಆರಿಸಿಕೊಳ್ಳಬಹುದು. ನಿರ್ಬಂಧವಿರುವುದು ಬ್ಯಾಟರಿಯ ತೂಕಕ್ಕೆ. ಸೀಸ-ಆಮ್ಲ ಬ್ಯಾಟರಿಯಾದರೆ 73 ಪೌಂಡು, ಎಂದರೆ ಸುಮಾರು 33 ಕಿಲೋಗ್ರಾಂ, ಮೀರುವಂತಿಲ್ಲ. ಕಾರಿಗೆ ಮೂರು ಅಥವಾ ನಾಲ್ಕು ಚಕ್ರ. ಕಾಲ ಒಂದು ಗಂಟೆ. ಚಾಲಕನ ತೂಕ 180 ಪೌಂಡಿಗಿಂತ, ಎಂದರೆ ಸುಮಾರು 82 ಕಿಲೋಗ್ರಾಮಿಗಿಂತ, ಕಡಿಮೆಯಾದರೆ ಕೊರತೆಯಷ್ಟು ತೂಕವನ್ನು ಕಾರಿನಲ್ಲಿ ಹೇರಿಕೊಳ್ಳಬೇಕು. ಈ ನಿಯಮ ಮೇಲುನೋಟಕ್ಕೆ ಕ್ಷುಲ್ಲಕವೆಂದು ತೋರಬಹುದು. ಅದಿಲ್ಲದಿದ್ದರೆ ತಂಡದಲ್ಲಿ ಎಲ್ಲರಿಗಿಂತ ಸಣಕಲಾದ ಹುಡುಗನನ್ನೋ ಹುಡುಗಿಯನ್ನೋ ಹುಡುಕಿ ಕೂರಿಸುವುದೇ ಒಂದು ತಂತ್ರವಾಗಿಬಿಡುತ್ತಿತ್ತು. ಉಳಿದವರಿಗೆ ಕಾರು ನಡೆಸುವ ಅವಕಾಶವೇ ದೊರೆಯುತ್ತಿರಲಿಲ್ಲ.

ಈಗ ಲೆಕ್ಕಕ್ಕೆ ಬರೋಣ. 33 ಕಿಲೋಗ್ರಾಂ ತೂಕದ ಸೀಸ-ಆಮ್ಲ ಬ್ಯಾಟರಿಯಿಂದ, ಆತುರವಿಲ್ಲದೆ ತೆಗೆದರೆ, ಸುಮಾರು 1,000 ವಾಟ್-ಗಂಟೆಗಳಷ್ಟು ಶಕ್ತಿ ದೊರೆಯುತ್ತದೆ. ಒಂದೇ ಗಂಟೆಯಲ್ಲಿ ಬರಿದುಮಾಡಿದರೆ ದೊರೆಯುವುದು ಸುಮಾರು 600. ಇದರ ಕಾರಣವನ್ನು ಮುಂದೆ ನೋಡುವೆವು. 600 ವಾಟ್-ಗಂಟೆ ಎಂದರೆ ಎಷ್ಟು? ಒಂದು ಲೀಟರು ಪೆಟ್ರೋಲಿನಲ್ಲಿ ಅಡಗಿರುವ ಉಷ್ಣಶಕ್ತಿ ಸುಮಾರು 9,000 ವಾಟ್-ಗಂಟೆ. ಆ ಲೆಕ್ಕದಲ್ಲಿ ಈ ಮಕ್ಕಳ ಕೈಗೆ ಸಿಗುವುದು 70 ಮಿಲಿಲೀಟರಿಗೂ ಕಡಿಮೆ ಪೆಟ್ರೋಲಿಗೆ ಸಮನಾದ ಶಕ್ತಿ. ಒಂದು ಸಣ್ಣ ಲೋಟವೂ ತುಂಬದು. ಎಂಜಿನು ತನಗೆ ದೊರೆತ ಉಷ್ಣದ ಬಹುಭಾಗವನ್ನು ಪೋಲುಮಾಡುತ್ತದೆ, ಮೋಟಾರು ಹಾಗೆ ಮಾಡುವುದಿಲ್ಲ ಎಂಬುದು ನಿಜ. ಆದರೂ ಒಬ್ಬ ಮನುಷ್ಯನನ್ನು ಹೊತ್ತು ಒಂದು ಗಂಟೆ ಓಡುವುದಕ್ಕೆ ಇದು ಅತ್ಯಲ್ಪ.

ಉದಾಹರಣೆಗೆ ಒಂದು ಕಾರನ್ನು ಕಲ್ಪಿಸಿಕೊಳ್ಳೋಣ. ಚಾಲಕನೂ ಸೇರಿ ಅದರ ತೂಕ 180 ಕಿಲೋಗ್ರಾಂ. ಸಮತಲದಲ್ಲಿ ಅದು ಎದುರಿಸುವ ತಡೆ ಎರಡು ವಿಧ. ಟೈರುಗಳು ಉರುಳುವಾಗ ಅಮುಕಿ ಅರಳುವುದರಿಂದ ಉಂಟಾಗುವುದು ಒಂದು. ಇದು ವೇಗವನ್ನು ಹೆಚ್ಚಾಗಿ ಅವಲಂಬಿಸುವುದಿಲ್ಲ. ತೂಕದ ಸಾವಿರದಲ್ಲಿ ಆರು ಪಾಲೆಂದು ಹಿಡಿದರೆ ಅದು 10.6 ನ್ಯೂಟನ್ ಆಗುತ್ತದೆ. ಎರಡನೆಯದು ಗಾಳಿಯ ತಡೆ. ಇದು ವೇಗದ ವರ್ಗಕ್ಕೆ ಅನುಗುಣವಾಗಿ ಬೆಳೆಯುತ್ತದೆ. ಕಾರಿನ ಮುಖದ ವಿಸ್ತೀರ್ಣವನ್ನು ಅದರ ಆಕಾರದ ಗುಣಾಂಕದಿಂದ ಗುಣಿಸಿದರೆ 0.15 ಚದರ ಮೀಟರು ಬರುವುದೆಂದಿಟ್ಟುಕೊಳ್ಳೋಣ. ಸೆಕೆಂಡಿಗೆ 15 ಮೀಟರು, ಎಂದರೆ ಗಂಟೆಗೆ 54 ಕಿಲೋಮೀಟರು ವೇಗದಲ್ಲಿ ಗಾಳಿಯ ತಡೆ ಸುಮಾರು 20 ನ್ಯೂಟನ್. ಎರಡೂ ಸೇರಿ 31 ನ್ಯೂಟನ್. ಅದನ್ನು ಮೀರಿ ಸಾಗಲು ಚಕ್ರದಲ್ಲಿ ಬೇಕಾದ ಸಾಮರ್ಥ್ಯ ಸುಮಾರು 463 ವಾಟ್. ಮೋಟಾರು, ಸರಪಳಿಗಳಲ್ಲಿ ಐದನೆಯ ಒಂದು ಪಾಲು ನಷ್ಟವಾಗುವುದೆಂದು ಎಣಿಸಿದರೆ ಬ್ಯಾಟರಿಯಿಂದ 579 ವಾಟ್ ತೆಗೆಯಬೇಕು. ಹೀಗಾಗಿ 600 ವಾಟ್-ಗಂಟೆಗಳ ನಮ್ಮ ಬಂಡವಾಳ ಒಂದು ಗಂಟೆಗೆ ಸರಿಹೋಗುತ್ತದೆ. ಮನೆಯ ಇಸ್ತ್ರಿಪೆಟ್ಟಿಗೆಯೊಂದು ಇದಕ್ಕಿಂತ ಹೆಚ್ಚು ವಿದ್ಯುತ್ತನ್ನು ನುಂಗುತ್ತದೆ.

ಅದೇ ಕಾರನ್ನು ಗಂಟೆಗೆ 72 ಕಿಲೋಮೀಟರು ವೇಗದಲ್ಲಿ ನಡೆಸಿದರೆ ಏನಾಗುವುದು? ವೇಗ ಹೆಚ್ಚಿದುದು ಮೂರನೆಯ ಒಂದು ಪಾಲು ಮಾತ್ರ. ಆದರೆ ಬ್ಯಾಟರಿಯಿಂದ ತೆಗೆಯಬೇಕಾದ ಸಾಮರ್ಥ್ಯ 579ರಿಂದ 1,165 ವಾಟಿಗೆ, ಎಂದರೆ ಎರಡು ಪಟ್ಟಿಗೆ, ಏರುತ್ತದೆ. ಇಷ್ಟು ಮಾತ್ರವೇ ಆಗಿದ್ದರೆ ಕಾರು ಅರ್ಧ ಗಂಟೆ ಓಡಬೇಕಾಗಿತ್ತು. ಅದೂ ಆಗುವುದಿಲ್ಲ. ಇಲ್ಲಿ ಬ್ಯಾಟರಿಯ ಸ್ವಭಾವ ಅಡ್ಡಬರುತ್ತದೆ.

ಬ್ಯಾಟರಿಯೆಂದರೆ ನೀರು ತುಂಬಿದ ತೊಟ್ಟಿಯಂತೆ, ಹೇಗೆ ತೆಗೆದರೂ ಒಳಗಿರುವಷ್ಟು ಬಂದೇಬರುತ್ತದೆಂದು ವಿದ್ಯಾರ್ಥಿಗಳು ಭಾವಿಸುವುದು ಸಹಜ. ಪಠ್ಯಪುಸ್ತಕಗಳೂ ಬಹುಮಟ್ಟಿಗೆ ಹಾಗೆಯೇ ಹೇಳಿ ಮುಂದೆ ಸಾಗುತ್ತವೆ. ವಾಸ್ತವದಲ್ಲಿ ಅದು ಬೇಸಗೆಯ ಬಾವಿಯನ್ನು ಹೆಚ್ಚು ಹೋಲುತ್ತದೆ. ನಿಧಾನವಾಗಿ ಸೇದಿದರೆ ಒರತೆಯಿಂದ ನೀರು ಮತ್ತೆ ಕೂಡಿಕೊಳ್ಳುತ್ತದೆ. ಒಂದೇ ಸಮನೆ ಸೇದಿದರೆ, ಸುತ್ತಣ ನೆಲದಲ್ಲಿ ನೀರಿದ್ದರೂ, ಕೊಡ ತಳ ಮುಟ್ಟುತ್ತದೆ. ಸೀಸದ ಫಲಕಗಳು ಸ್ಪಂಜಿನಂತೆ ಸೂಕ್ಷ್ಮರಂಧ್ರಗಳಿಂದ ಕೂಡಿವೆ. ವಿದ್ಯುತ್ತು ಹರಿಯುವಾಗ ಆ ರಂಧ್ರಗಳಲ್ಲಿರುವ ಆಮ್ಲ ವ್ಯಯವಾಗಿ, ಫಲಕದ ಮೇಲೆ ಸೀಸದ ಸಲ್ಫೇಟು ಕೂಡುತ್ತದೆ. ಹೊರಗಣ ಆಮ್ಲ ರಂಧ್ರಗಳ ಒಳಕ್ಕೆ ಹರಡಿಕೊಳ್ಳಲು ಕಾಲ ಬೇಕು. ಪ್ರವಾಹ ಹೆಚ್ಚಾದರೆ ಆ ಕಾಲ ದೊರೆಯುವುದಿಲ್ಲ. ಫಲಕದ ಮೇಲ್ಪದರದ ರಂಧ್ರಗಳು ಸಲ್ಫೇಟಿನಿಂದ ಮುಚ್ಚಿಹೋಗಿ ಒಳಪದರಗಳು ಉಪಯೋಗಕ್ಕೆ ಬಾರದೆ ಉಳಿಯುತ್ತವೆ. ಇದರ ಜೊತೆಗೆ ಬ್ಯಾಟರಿಯ ಆಂತರಿಕ ರೋಧದಲ್ಲಿ ಉಷ್ಣವಾಗಿ ಕಳೆದುಹೋಗುವ ಪಾಲೂ ಪ್ರವಾಹದ ವರ್ಗದಂತೆ ಬೆಳೆಯುತ್ತದೆ.

ಈ ವರ್ತನೆಯನ್ನು ಜರ್ಮನಿಯ ಪೊಯ್ಕರ್ಟ್ 1897ರಲ್ಲಿ ಒಂದು ಸರಳ ಸೂತ್ರಕ್ಕೆ ಇಳಿಸಿದನು. ಪ್ರವಾಹವನ್ನು ಒಂದಕ್ಕಿಂತ ತುಸು ಹೆಚ್ಚಿನ ಘಾತಕ್ಕೆ ಏರಿಸಿ ಅದನ್ನು ಕಾಲದಿಂದ ಗುಣಿಸಿದರೆ ಬರುವ ಮೊತ್ತ ಸ್ಥಿರವಾಗಿರುತ್ತದೆಂಬುದು ಅದರ ತಾತ್ಪರ್ಯ. ಘಾತಾಂಕ ಸೀಸ-ಆಮ್ಲ ಬ್ಯಾಟರಿಗಳಲ್ಲಿ ಸಾಮಾನ್ಯವಾಗಿ 1.1ರಿಂದ 1.3ರವರೆಗೆ ಇರುತ್ತದೆ. ನಮ್ಮ ಕಲ್ಪಿತ ಕಾರಿನ ಬ್ಯಾಟರಿಗೆ 1.2 ಎಂದು ಹಿಡಿಯೋಣ. 24 ವೋಲ್ಟಿನಲ್ಲಿ 2.1 ಆಂಪಿಯರ್ ತೆಗೆದರೆ ಅದು 20 ಗಂಟೆ ಬಾಳುತ್ತದೆ. ಒಟ್ಟು 42 ಆಂಪಿಯರ್-ಗಂಟೆ. 25 ಆಂಪಿಯರ್ ತೆಗೆದರೆ ಬಾಳುವುದು ಒಂದು ಗಂಟೆ ಮಾತ್ರ. ದೊರೆತುದು 25 ಆಂಪಿಯರ್-ಗಂಟೆ. 72 ಕಿಲೋಮೀಟರು ವೇಗಕ್ಕೆ ಬೇಕಾದ 48 ಆಂಪಿಯರಿಗೆ ಏರಿಸಿದರೆ ಸುಮಾರು 28 ನಿಮಿಷಗಳಲ್ಲಿ ಕೆಲಸ ಮುಗಿಯುತ್ತದೆ. ಆ ಹೊತ್ತಿಗೆ ಕಾರು ಸಾಗಿರುವ ದೂರ 33 ಕಿಲೋಮೀಟರು. ಗಂಟೆಗೆ 54ರಂತೆ ಸಮಾಧಾನದಿಂದ ಸಾಗಿದ ಕಾರು 54 ಕಿಲೋಮೀಟರನ್ನು ಮುಗಿಸಿರುತ್ತದೆ. ನಿಂತ ಕಾರಿನ ಬ್ಯಾಟರಿ ಸ್ವಲ್ಪ ಹೊತ್ತು ವಿಶ್ರಮಿಸಿದರೆ ಅದರಲ್ಲಿ ಮತ್ತೆ ಚೇತನ ಕಾಣಿಸಿಕೊಳ್ಳುತ್ತದೆ. ಶಕ್ತಿ ನಾಶವಾಗಿರಲಿಲ್ಲ, ಕೈಗೆ ಎಟುಕದಂತಾಗಿತ್ತು ಅಷ್ಟೆ. ಆದರೆ ಪಂದ್ಯದ ಗಡಿಯಾರ ವಿಶ್ರಮಿಸುವುದಿಲ್ಲ. ಬೆಂಗಳೂರಿನಲ್ಲಿ ತಯಾರಾಗಿ 2001ರಲ್ಲಿ ಮಾರಾಟಕ್ಕೆ ಬಂದ ರೇವಾ ಕಾರಿನಲ್ಲಿಯೂ ಮೊದಲಿಗೆ ಇದ್ದುದು 48 ವೋಲ್ಟಿನ ಸೀಸ-ಆಮ್ಲ ಬ್ಯಾಟರಿಯೇ ಆದ್ದರಿಂದ ಅದಕ್ಕೂ ಈ ಸೂತ್ರವೇ ಅನ್ವಯಿಸುತ್ತಿತ್ತು.

ವೇಗದ ಸರಾಸರಿ ಒಂದೇ ಆಗಿದ್ದರೂ ಏರಿಳಿತದಿಂದ ನಷ್ಟವುಂಟು. ಅರ್ಧ ಗಂಟೆ ಸೆಕೆಂಡಿಗೆ 18 ಮೀಟರಿನಂತೆಯೂ ಇನ್ನರ್ಧ 12 ಮೀಟರಿನಂತೆಯೂ ನಡೆಸಿದರೆ ಸರಾಸರಿ 15 ಮೀಟರೇ. ಆದರೆ ಚಕ್ರಕ್ಕೆ ಬೇಕಾದ ಶಕ್ತಿ ಶೇಕಡಾ 8ರಷ್ಟು ಹೆಚ್ಚುತ್ತದೆ. ಪೊಯ್ಕರ್ಟನ ಸುಂಕ ಇದರ ಮೇಲೆ ಬೇರೆ. ಆದುದರಿಂದ ನುರಿತ ತಂಡದ ಚಾಲಕನ ಕಣ್ಣು ಮುಂದಿನ ಕಾರಿಗಿಂತ ಹೆಚ್ಚಾಗಿ ಆಂಪಿಯರ್ ಮಾಪಕದ ಮೇಲಿರುತ್ತದೆ. ಹದಿನಾಲ್ಕು ವರ್ಷದ ಹುಡುಗನೊಬ್ಬನು ತನ್ನನ್ನು ದಾಟಿ ಹೋದ ಕಾರನ್ನು ಬೆನ್ನಟ್ಟದೆ ಬಿಟ್ಟುಕೊಡುವುದು ಸುಲಭದ ಸಂಯಮವಲ್ಲ. ಅವನನ್ನು ತಡೆಯುವುದು ಉಪಾಧ್ಯಾಯರ ಉಪದೇಶವಲ್ಲ. ಹಿಂದಿನ ದಿನ ತಾನೇ ಕೈಯಾರೆ ಮಾಡಿದ ಗುಣಾಕಾರ.

ಕಾರನ್ನು ಕಟ್ಟುವಾಗಲೂ ಈ ಲೆಕ್ಕ ಹಲವು ಭ್ರಮೆಗಳನ್ನು ಕಳೆಯುತ್ತದೆ. ಹೊಸ ತಂಡಗಳಿಗೆ ಮೊದಲು ಹೊಳೆಯುವ ಉಪಾಯ ತೂಕವನ್ನು ಇಳಿಸುವುದು. ಚೌಕಟ್ಟಿನ ತುಂಬ ರಂಧ್ರ ಕೊರೆದು 10 ಕಿಲೋಗ್ರಾಂ ಉಳಿಸಿದರೆಂದು ಭಾವಿಸೋಣ. ಅದೇ 463 ವಾಟಿನಲ್ಲಿ ಕಾರಿನ ವೇಗ ಗಂಟೆಗೆ 54ರಿಂದ 54.5 ಕಿಲೋಮೀಟರಿಗೆ ಏರುತ್ತದೆ. ಅಷ್ಟೇ. ಅದಕ್ಕೆ ಬದಲಾಗಿ ಮೇಲಿನ ಕವಚವನ್ನು ಹಿಂದಕ್ಕೆ ನೀಳವಾಗಿ ಚಾಚಿಸಿ, ಚಕ್ರಗಳನ್ನು ಮುಚ್ಚಿ, ಗಾಳಿಗೆ ಒಡ್ಡಿದ 0.15 ಚದರ ಮೀಟರನ್ನು 0.10ಕ್ಕೆ ಇಳಿಸಿದರೆ ವೇಗ 60 ಕಿಲೋಮೀಟರನ್ನು ದಾಟುತ್ತದೆ. ಗಾಳಿಯನ್ನು ಸೀಳುವ ಮೂತಿಗಿಂತ, ಸೀಳಿದ ಗಾಳಿಯನ್ನು ಸುಳಿಯೇಳದಂತೆ ಕೂಡಿಸುವ ಬಾಲ ಮುಖ್ಯವೆಂಬುದನ್ನು ಮಕ್ಕಳು ಇಲ್ಲಿ ಕಲಿಯುತ್ತಾರೆ. ಚೂಪಾದ ಮೂತಿ ಕಾಣಲು ಅಂದ, ನಿಜ. ಆದರೆ ಮೀನಿನ ತಲೆ ದುಂಡಗಿದ್ದು ಬಾಲ ಸಣ್ಣಗಾಗುವುದು ನಿಷ್ಕಾರಣವಲ್ಲ.

ಎಲ್ಲಕ್ಕಿಂತ ದೊಡ್ಡ ನಷ್ಟ ಕಣ್ಣಿಗೆ ಬೀಳದ ಸ್ಥಳದಲ್ಲಿರುತ್ತದೆ. ಮುಂದಿನ ಎರಡು ಚಕ್ರಗಳು ಒಂದಕ್ಕೊಂದು ಸಮಾನಾಂತರವಾಗಿರದೆ ತುಸು ಓರೆಯಾಗಿದ್ದರೆ ಟೈರುಗಳು ಉರುಳುವುದರ ಜೊತೆಗೆ ನೆಲವನ್ನು ಉಜ್ಜುತ್ತ ಸಾಗುತ್ತವೆ. ಗಾಡಿಯ ಅಚ್ಚು ಓರೆಯಾದರೆ ಎತ್ತು ಬಳಲುವುದನ್ನು ನಮ್ಮ ರೈತರು ಬಲ್ಲರು. ಇಲ್ಲಿ ಬಳಲುವುದು ಬ್ಯಾಟರಿ. ಇದರಿಂದ ಉರುಳುವಿಕೆಯ ತಡೆ ಇಮ್ಮಡಿಯಾದರೆ ನಮ್ಮ ಕಾರಿನ ವೇಗ 54ರಿಂದ ಸುಮಾರು 46 ಕಿಲೋಮೀಟರಿಗೆ ಕುಸಿಯುತ್ತದೆ. ಬೆಲೆಬಾಳುವ ಮೋಟಾರಿನಿಂದಲೂ ತುಂಬಿಕೊಳ್ಳಲಾಗದ ಈ ನಷ್ಟವನ್ನು ಒಂದು ಅಳತೆಪಟ್ಟಿ, ಒಂದು ದಾರ, ಒಂದು ಸಂಜೆಯ ತಾಳ್ಮೆ ಇವಿಷ್ಟರಿಂದ ನಿವಾರಿಸಬಹುದು.

ತನ್ನ ಕಾರಿನ ಈ ಎರಡು ತಡೆಗಳನ್ನು ತಂಡ ತಿಳಿಯುವುದು ಹೇಗೆ? ಇದಕ್ಕೆ ಅವರು ಬಳಸುವ ವಿಧಾನ ನಮ್ಮ ಕಾಲೇಜುಗಳ ಪ್ರಯೋಗಶಾಲೆಗೂ ಯೋಗ್ಯವಾದುದು. ಗಾಳಿಯಿಲ್ಲದ ಬೆಳಗಿನ ಹೊತ್ತಿನಲ್ಲಿ ಸಮತಟ್ಟಾದ ರಸ್ತೆಯಲ್ಲಿ ಕಾರನ್ನು ವೇಗಕ್ಕೆ ತಂದು, ಮೋಟಾರನ್ನು ನಿಲ್ಲಿಸಿ, ತಾನಾಗಿ ಉರುಳಲು ಬಿಡುವುದು. ವೇಗ ಸೆಕೆಂಡಿಗೆ 16 ಮೀಟರಿನಿಂದ 14ಕ್ಕೆ ಇಳಿಯಲು ಹಿಡಿಯುವ ಕಾಲವನ್ನೂ, ಮುಂದೆ 6ರಿಂದ 4ಕ್ಕೆ ಇಳಿಯಲು ಹಿಡಿಯುವ ಕಾಲವನ್ನೂ ಗುರುತಿಸಬೇಕು. ನಮ್ಮ ಕಲ್ಪಿತ ಕಾರಿನಲ್ಲಿ ಮೊದಲನೆಯದು 11.7 ಸೆಕೆಂಡು, ಎರಡನೆಯದು 28 ಸೆಕೆಂಡು. ವೇಗದ ಇಳಿತವನ್ನು ಕಾಲದಿಂದ ಭಾಗಿಸಿ ರಾಶಿಯಿಂದ ಗುಣಿಸಿದರೆ ಕ್ರಮವಾಗಿ 30.8 ಮತ್ತು 12.9 ನ್ಯೂಟನ್ ಬರುತ್ತವೆ. ವೇಗದ ವರ್ಗಗಳು 225 ಮತ್ತು 25. ಇನ್ನು ಉಳಿದುದು ಎರಡು ಅಜ್ಞಾತಗಳ ಎರಡು ಸಮೀಕರಣ: ಉರುಳುವಿಕೆಯ ತಡೆ 10.6 ನ್ಯೂಟನ್ ಎಂದೂ, ಗಾಳಿಯ ತಡೆಯ ಗುಣಕ 0.09 ಎಂದೂ ಹೊರಬೀಳುತ್ತದೆ. ರಸ್ತೆಯ ಸಣ್ಣ ಇಳಿಜಾರು ಲೆಕ್ಕವನ್ನು ಕೆಡಿಸದಂತೆ ಇದೇ ಪ್ರಯೋಗವನ್ನು ಎದುರು ದಿಕ್ಕಿನಲ್ಲಿಯೂ ನಡೆಸಿ ಸರಾಸರಿ ತೆಗೆಯಬೇಕು. ಪರೀಕ್ಷೆಯಲ್ಲಿ ಅಂಕಕ್ಕಾಗಿ ಸಮೀಕರಣವನ್ನು ಬಿಡಿಸುವ ವಿದ್ಯಾರ್ಥಿಗೂ, ಚಕ್ರ ಓರೆಯಾಗಿದೆಯೋ ಇಲ್ಲವೋ ಎಂದು ತಿಳಿಯುವುದಕ್ಕಾಗಿ ಬಿಡಿಸುವ ವಿದ್ಯಾರ್ಥಿಗೂ ಇರುವ ಅಂತರವನ್ನು ಅಧ್ಯಾಪಕರಿಗೆ ನಾವು ಹೇಳಬೇಕಾಗಿಲ್ಲ.

ಅಪಾಯದ ವಿಷಯವನ್ನೂ ಹೇಳಬೇಕು. 24 ವೋಲ್ಟು ಮೈಗೆ ಆಘಾತಕಾರಿಯಲ್ಲ. ಆದರೆ ಬ್ಯಾಟರಿಯ ಎರಡು ಧ್ರುವಗಳ ಮೇಲೆ ಸ್ಪ್ಯಾನರೊಂದು ಅಡ್ಡ ಬಿದ್ದರೆ ನೂರಾರು ಆಂಪಿಯರ್ ಹರಿದು ಕಬ್ಬಿಣ ಕೆಂಪಗೆ ಕಾಯುತ್ತದೆ. ತುಂಬುವಾಗ ಹೊರಡುವ ಹೈಡ್ರೊಜನ್ನಿಗೆ ಒಂದು ಕಿಡಿ ಸಾಕು. ಹೊರಗೆ ನಿಂತವರ ಕೈಗೂ ಎಟುಕುವ ತಡೆಗುಂಡಿ, ಚಾಲಕನ ತಲೆಯ ಮೇಲ್ಗಡೆ ಬಾಗಿದ ಕಬ್ಬಿಣದ ಕಮಾನು, ಶಿರಸ್ತ್ರಾಣ ಇವುಗಳನ್ನು ಪರಿಶೀಲಿಸದೆ ಯಾವ ಕಾರನ್ನೂ ಹಾದಿಗೆ ಬಿಡುವುದಿಲ್ಲ.

ಈವರೆಗೆ ಹೇಳಿದುದು ಪಂದ್ಯದ ಭೌತವಿಜ್ಞಾನ. ಇದು ಶಾಲೆಯಲ್ಲಿ ನೆಲೆಗೊಳ್ಳುವುದು ಹೇಗೆಂಬುದು ಬೇರೆಯ ಪ್ರಶ್ನೆ. ನಮ್ಮ ಅಭಿಪ್ರಾಯದಲ್ಲಿ ಹೆಚ್ಚು ಕಠಿನವಾದ ಪ್ರಶ್ನೆ. ನಾರ್ತ್ ಕೆರೊಲೈನಾದ ನಾರ್ಥಾಂಪ್ಟನ್ ಜಿಲ್ಲೆ ಬಡ ಗ್ರಾಮಾಂತರ ಪ್ರದೇಶ. ಅಲ್ಲಿಯ ಪ್ರೌಢಶಾಲೆಯೊಂದರ ವಿದ್ಯಾರ್ಥಿಗಳು 1990ರ ದಶಕದ ನಡುವಿನಲ್ಲಿ ಹಳೆಯ ಫೋರ್ಡ್ ಎಸ್ಕಾರ್ಟ್ ಕಾರೊಂದರ ಎಂಜಿನನ್ನು ಕಿತ್ತು, ಮೋಟಾರು, ಬ್ಯಾಟರಿಗಳನ್ನು ಕೂಡಿಸಿ, ಅನುಕೂಲಸ್ಥ ಶಾಲೆಗಳೊಡನೆ ವರ್ಜೀನಿಯದ ರಿಚ್ಮಂಡಿನಲ್ಲಿ ಸ್ಪರ್ಧಿಸಿದರು. ಕ್ಯಾರೊಲೈನ್ ಕೆಟಲ್‌ವೆಲ್ 2004ರಲ್ಲಿ ಪ್ರಕಟಿಸಿದ ‘ಎಲೆಕ್ಟ್ರಿಕ್ ಡ್ರೀಮ್ಸ್’ ಎಂಬ ಪುಸ್ತಕ ಅವರ ಕಥೆ. ಅಲ್ಲಿ ನಮಗೆ ಮುಖ್ಯವಾಗಿ ಕಂಡುದು ವಿಜ್ಞಾನದ ಉಪಾಧ್ಯಾಯರೂ ಮೋಟಾರು ರಿಪೇರಿ ಕಲಿಸುವ ಉಪಾಧ್ಯಾಯರೂ ಒಂದೇ ಕಾರಿನ ಸುತ್ತ ನಿಂತುದು. ಸಾಮಾನ್ಯವಾಗಿ ಒಂದೇ ಶಾಲೆಯಲ್ಲಿದ್ದರೂ ಈ ಇಬ್ಬರ ಕೊಠಡಿಗಳು ಬಹುದೂರ.

ಫಿಲಡೆಲ್ಫಿಯದಲ್ಲಿ ನಡೆದುದು ಇನ್ನೂ ವಿಚಾರಾರ್ಹವಾದುದು. ವೆಸ್ಟ್ ಫಿಲಡೆಲ್ಫಿಯ ಪ್ರೌಢಶಾಲೆಯಲ್ಲಿ ಸೈಮನ್ ಹೌಗರ್ ಎಂಬ ಉಪಾಧ್ಯಾಯರು ಶಾಲೆ ಬಿಟ್ಟ ಮೇಲಿನ ಹೊತ್ತಿನಲ್ಲಿ ವಿದ್ಯಾರ್ಥಿಗಳಿಂದ ಕಾರುಗಳನ್ನು ಕಟ್ಟಿಸತೊಡಗಿದರು. 2010ರಲ್ಲಿ ತೀರ್ಮಾನವಾದ, ಒಂದು ಕೋಟಿ ಡಾಲರ್ ಬಹುಮಾನದ ಆಟೋಮೋಟಿವ್ ಎಕ್ಸ್ ಪ್ರೈಜ್ ಸ್ಪರ್ಧೆಗೆ ಇಳಿದ ಏಕೈಕ ಪ್ರೌಢಶಾಲಾ ತಂಡ ಅವರದು. ಅವರ ಕಾರುಗಳು ಮೋಟಾರು, ಎಂಜಿನು ಎರಡನ್ನೂ ಬಳಸುವ ಮಿಶ್ರಜಾತಿಯವು. ಉದ್ಯಮ ಸಂಸ್ಥೆಗಳ, ವಿಶ್ವವಿದ್ಯಾನಿಲಯಗಳ ಹಲವು ತಂಡಗಳು ಮೊದಲೇ ಹಿಂದೆ ಸರಿದಿದ್ದರೂ ಇವರು ಮುಂದಿನ ಹಂತದವರೆಗೆ ಸಾಗಿ, ಅಂತಿಮ ಸುತ್ತಿಗೆ ಮುನ್ನ ಹೊರಬಿದ್ದರು. ಆ ಬಳಿಕ ಹೌಗರ್ ಅವರು ಕೇಳಿಕೊಂಡ ಪ್ರಶ್ನೆ, ಮಕ್ಕಳು ನಿಜವಾಗಿ ಕಲಿಯುವುದು ಸಂಜೆಯಲ್ಲಾದರೆ ಹಗಲೆಲ್ಲ ನಾವು ಮಾಡುತ್ತಿರುವುದೇನು ಎಂಬ ಬಗೆಯದು. ಅದರ ಫಲವಾಗಿ ಕೆಲಸದ ಮೂಲಕವೇ ಪಾಠ ಕಲಿಸುವ ವರ್ಕ್‌ಷಾಪ್ ಸ್ಕೂಲ್ ಎಂಬ ಪ್ರೌಢಶಾಲೆ ಅದೇ ನಗರದಲ್ಲಿ 2013ರಲ್ಲಿ ಆರಂಭವಾಯಿತು.

ಇದರ ವಿರುದ್ಧ ಹೇಳಬಹುದಾದುದೂ ಉಂಟು. ಗೆಲ್ಲಬೇಕೆಂಬ ಹಂಬಲದಲ್ಲಿ ಹಿರಿಯರ ಕೈ ಮುಂದಾಗಿ ಮಕ್ಕಳು ನೋಡುಗರಾಗಿ ಉಳಿಯುವುದು ಮೊದಲನೆಯದು. ಅಂಗಾರತಂತುವಿನ ಕವಚವನ್ನು ಕೊಳ್ಳಬಲ್ಲ ಶಾಲೆಗೂ ಪ್ಲೈವುಡ್ಡಿನಲ್ಲೇ ತೃಪ್ತಿಪಡಬೇಕಾದ ಶಾಲೆಗೂ ಅಂತರ ಬೀಳುವುದು ಎರಡನೆಯದು. ಮೋಟಾರು, ಬ್ಯಾಟರಿ ಸಮಾನವಾದರೂ ಕವಚದ ಬೆಲೆ ಸಮಾನವಲ್ಲ, ಲೆಕ್ಕದಲ್ಲಿ ಎಲ್ಲಕ್ಕಿಂತ ಹೆಚ್ಚು ಫಲ ಕೊಡುವುದು ಆ ಕವಚವೇ ಎಂಬುದನ್ನು ನೋಡಿದೆವು. ಲಿಥಿಯಮ್ ಬ್ಯಾಟರಿಗಳಿಗೆ ಅವಕಾಶ ಕೊಟ್ಟಲ್ಲಿ ಮೂರನೆಯ ತೊಡಕು ಬರುತ್ತದೆ. ಅವುಗಳಲ್ಲಿ ಪೊಯ್ಕರ್ಟನ ಘಾತಾಂಕ ಒಂದಕ್ಕೆ ಬಹು ಸಮೀಪ. ಆತುರಕ್ಕೆ ತೆರಬೇಕಾದ ದಂಡ ಬಹಳಷ್ಟು ಇಳಿಯುತ್ತದೆ. ತೂಕವನ್ನು ಮಿತಿಗೊಳಿಸುವುದೂ ಆಗ ಸಾಲದು. ವಾಟ್-ಗಂಟೆಗಳನ್ನೇ ಅಳೆದು ಮಿತಿಗೊಳಿಸಬೇಕಾಗುತ್ತದೆ.

ಕೊನೆಯದು ಕಾಲದ ತೊಡಕು. ಪ್ರೌಢಶಾಲೆಯ ತಂಡದಲ್ಲಿ ಯಾರೂ ಮೂರು ನಾಲ್ಕು ವರ್ಷಕ್ಕಿಂತ ಹೆಚ್ಚು ಕಾಲ ಉಳಿಯುವುದಿಲ್ಲ. ಚಕ್ರವನ್ನು ಸರಿಪಡಿಸಲು ಕಲಿತವರು ಶಾಲೆ ಬಿಡುತ್ತಾರೆ. ಬರುವವರು ಮತ್ತೆ ಚೌಕಟ್ಟಿಗೆ ರಂಧ್ರ ಕೊರೆಯಲು ಹೊರಡುತ್ತಾರೆ. ನೆಬ್ರಾಸ್ಕದಲ್ಲಿ ವಿದ್ಯುತ್ ಸರಬರಾಜು ಸಂಸ್ಥೆಗಳ ಆಶ್ರಯದಲ್ಲಿ ನಡೆಯುವ ಪವರ್ ಡ್ರೈವ್ ಪಂದ್ಯಗಳಲ್ಲಿ ಓಟಕ್ಕೆ ಮಾತ್ರವಲ್ಲದೆ ತಂಡ ಬರೆದಿಟ್ಟ ದಾಖಲೆಗೂ ಅಂಕಗಳಿರುವುದನ್ನು ಈ ಹಿನ್ನೆಲೆಯಲ್ಲಿ ನೋಡಬೇಕು. ಆ ದಿನದ ಗಾಳಿ, ಟೈರಿನ ಒತ್ತಡ, ಗೇರಿನ ಹಲ್ಲುಗಳ ಸಂಖ್ಯೆ, ಸುತ್ತುಸುತ್ತಿಗೆ ಓದಿದ ಆಂಪಿಯರ್, ನಿಂತ ಕಾಲ, ನಿಂತ ಕಾರಣ ಇವಿಷ್ಟನ್ನು ಮುಂದಿನ ವರ್ಷದ ಅಪರಿಚಿತ ಓದುಗನಿಗೆ ತಿಳಿಯುವಂತೆ ಬರೆಯುವುದು ಕಾರನ್ನು ಕಟ್ಟುವುದಕ್ಕಿಂತ ಸುಲಭವಾದ ಕೆಲಸವಲ್ಲ. ಬಹುತೇಕ ತಂಡಗಳಲ್ಲಿ ಅದಕ್ಕೆ ಮುಂದೆ ಬರುವವರೂ ಕಡಿಮೆ.